ಟೆಲಿಸ್ಕೋಪ್ ಆಮೇಲ ತರ್ರಿ, ಮೊದ್ಲ ಮಿರಗ ಎಲ್ಲೈತಿ ಹುಡುಕ್ರಿ

ವಿಜಯಪುರದಾಗ ನಾವ್ ಏಳೆಂಟ್ ಮಂದಿ ಸೇರಿ ಆಕಾಶ ನೋಡೋ ಗುಂಪು ಕಟ್ಟಿದಾಗ ಮೊದಲ್ನೇ ವರ್ಷದ ಗುರಿ ಅಂತ ಏನ್ ಬರ್ದಿದ್ವಿ ಗೊತ್ತೇನ್ರಿ, ಮೆಸ್ಸಿಯೇ ಪಟ್ಟಿ (ಚುಕ್ಕಿ ಗುಂಪು, ಗ್ಯಾಲಕ್ಸಿ ಇಂಥಾವುಗಳ ಪಟ್ಟಿ) ಒಳಗಿನ 110ನ್ನೂ ನೋಡಿ ಮುಗಸೋದು! ಅದಕ್ಕಂತ ಎಲ್ಲಾರೂ ರೊಕ್ಕಾ ಹಾಕಿ, 525 ಪಟ್ಟು ದೊಡ್ಡದ್ ಮಾಡಿ ತೋರಸ್ತೈತಿ ಅಂತ ಜಾಹೀರಾತು ಇದ್ದ ಟೆಲಿಸ್ಕೋಪ್ ಆನ್‌ಲೈನ್‌ದಾಗ ತರಿಸಿದ್ವಿ, ಅದರ ಸ್ಟ್ಯಾಂಡ್ ಉಸುರು ಬಿಟ್ರ ಅಲಗ್ಯಾಡ್ತಿತ್ತು. ವರ್ಷದ ಕೊನಿಗಿ ಎಣಿಸಿದ್ರ ನೋಡಿದ್ದು ಹತ್ತೂ ಆಗಿದ್ದಿಲ್ಲ. ಈಗ ಅದು ಒಬ್ಬರ ಮನಿ ಅಟ್ಟದ ಮ್ಯಾಲ ಧೂಳ ತಿನ್ನಾಕತ್ತೈತಿ. ಹೊಸದಾಗಿ ಗುಂಪು ಕಟ್ಟೋರಿಗೆ ಅಂತ ಇದನ್ನ ಬರ್ಯಾಕತ್ತೀನಿ.

ಮೊದಲ್ನೇ ವರ್ಷಕ್ಕ ಗುರಿ ಒಂದ ಇರಲಿ, 27 ನಕ್ಷತ್ರ ಬರೇ ಕಣ್ಣಿಲೆ ಗುರುತು ಹಿಡಿಯೋದು. ಹೆಸರು ಬಾಯಿಪಾಠ ಮಾಡೋ ಕೆಲಸ ಅರ್ಧ ಆಗೇ ಹೋಗೈತಿ. ರೋಹಿಣಿ ಮಳಿ, ಮಿರಗದ ಮಳಿ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ, ಸ್ವಾತಿ ಅಂತ ಮನ್ಯಾಗ ಕೇಳೇ ಬೆಳದೋರಲ್ಲೇನ್ರಿ ನಾವು. ಆದ್ರ ಒಂದ್ ಮಾತು ನೆನಪಿಡ್ರಿ, ಮಿರಗದ ಮಳಿ ಬೀಳೋ ಜೂನ್‌ದಾಗ ಮಿರಗದ ಚುಕ್ಕಿ, ಅಂದ್ರ ಮೃಗಶಿರಾ, ಕಾಣಂಗಿಲ್ಲ! ಯಾಕಂದ್ರ ಸೂರ್ಯ ಆ ನಕ್ಷತ್ರದಾಗ ಇದ್ದಾಗಿನ ಮಳಿಗೇ ಮಿರಗದ ಮಳಿ ಅನ್ನೋದು, ಅಂದ್ರ ಆ ಚುಕ್ಕಿ ಹಗಲೊತ್ತಿನ್ಯಾಗ ಸೂರ್ಯನ ಸಂಗಾಟ ಇರ್ತಾವ. ಅವನ್ನ ರಾತ್ರಿ ಪೂರಾ ನೋಡಬೇಕಂದ್ರ ಆರು ತಿಂಗಳು ಮುಂದ ಹೋಗಬೇಕು. ನಮ್ಮ ಗುಂಪಿನ ರೈತ ಕಾಕಾ ಒಬ್ಬರಿಗೆ ಇದನ್ನ ಹೇಳಿದಾಗ ಒಂದ್ ನಿಮಿಷ ಸುಮ್ನ ಕುಂತು, "ಹಂಗಾದ್ರ ಸ್ವಾತಿ ಚುಕ್ಕಿ ಬ್ಯಾಸಿಗ್ಯಾಗ ಕಾಣಬೇಕಲ್ಲೋ" ಅಂದ್ರು. ಹೌದ್ರಿ, ಅಷ್ಟ. ವರ್ಷದ ಟೈಮ್‌ಟೇಬಲ್ ಅಲ್ಲೇ ತಯಾರಾತು.

ಹಂಗಾಗಿ ವರ್ಷದ ದೊಡ್ಡ ರಾತ್ರಿ ಎಳ್ಳಮಾಸಿ (ಡಿಸೆಂಬರ್-ಜನವರಿದಾಗ ಬರೋ ಎಳ್ಳ ಅಮಾವಾಸ್ಯೆ) ದಿನಾನ ಇಟ್ಕೋರಿ. ಚಂದ್ರ ಇರಂಗಿಲ್ಲ, ಮೋಡ ಇರೋದು ಕಡಿಮಿ, ಚರಗ ಚೆಲ್ಲಾಕ ಹೆಂಗೂ ಮಂದಿ ಎಲ್ಲಾ ಹೊಲಕ್ಕ ಬಂದಿರ್ತಾರ, ಸಂಜಿಕಿ ಮನಿಗಿ ಹೋಗೋ ಬದ್ಲಿ ಅಲ್ಲೇ ಉಳೀರಿ. ಹತ್ತು ಹನ್ನೊಂದಕ್ಕ ನೆತ್ತಿ ಹತ್ರ ಮೂರು ಚುಕ್ಕಿ ಸಾಲಾಗಿ ಕಾಣ್ತಾವಲ್ಲ, ಅದರ ಉತ್ತರಕ್ಕ ಒತ್ತೊತ್ತಾಗಿ ಮೂರು ಸಣ್ಣವು ಮೃಗಶಿರಾ, ಹತ್ರದಾಗ ಕೆಂಪಗ ಇರೋದು ಆರಿದ್ರಾ. ಈ ಆರಿದ್ರಾ 2019ರ ಕೊನಿಗಿ ಮಂಕಾಗಿ 2020ರ ಫೆಬ್ರವರಿ ಹೊತ್ತಿಗೆ ಬರೇ ಕಣ್ಣಿಗೇ ಫರಕ್ ಗೊತ್ತಾಗೋ ಹಂಗ ಆಗಿತ್ತು, ಸಿಡೀತೈತಿ ಅಂತ ಗದ್ದಲ ಎದ್ದಿತ್ತು, ಕೊನಿಗಿ ನೋಡಿದ್ರ ಅದೇ ಉಗುಳಿದ ಧೂಳು ಅದಕ್ಕೇ ಮರೆ ಆಗಿತ್ತಂತ. ಡಿಸೆಂಬರ್ 13-14ರ ರಾತ್ರಿ ಜೆಮಿನಿಡ್ ಉಲ್ಕೆ ಬೀಳೋದೂ ಪುನರ್ವಸು ಕಡಿಂದನ. ಆಗಸ್ಟ್‌ದ ಪರ್ಸೀಡ್ ಉಲ್ಕೆ ಆಸೆ ಬಿಟ್ಟಬಿಡ್ರಿ, ಮೋಡ.

ಬ್ಯಾಸಿಗಿ ಸುಲಭ, ಹೆಂಗೂ ಮಾಳಗಿ ಮ್ಯಾಲ ಮಲಗ್ತೀವಿ. ಸಪ್ತರ್ಷಿ ಬಾಲದ ಬಾಕ ಹಿಡಕೊಂಡು ಹೋದ್ರ ಸ್ವಾತಿ, ಹಂಗ ಮುಂದ ಹೋದ್ರ ಚಿತ್ತಿ, ಅದರ ಪಕ್ಕದಾಗ ಹಸ್ತ. ಮೇ ತಿಂಗಳದಾಗ ರಾತ್ರಿ ಒಂಬತ್ತು ಹತ್ತಕ್ಕ ದಕ್ಷಿಣಕ್ಕ ತಿರಗ್ರಿ, ಕೈ ಚಾಚಿ ಹಿಡಿದ ಮುಷ್ಟಿ ಅಂದಾಜು 10 ಡಿಗ್ರಿ, ಒಂದ್ ಮುಷ್ಟಿಗಿಂತ ಸ್ವಲ್ಪ ಮ್ಯಾಲ ತ್ರಿಶಂಕು (ಸದರ್ನ್ ಕ್ರಾಸ್ ಅನ್ನೋ ಚುಕ್ಕಿ ಗುಂಪು) ನಿಂತಿರ್ತೈತಿ. ದಿಲ್ಲಿಯವರಿಗೆ ಇದು ದಿಗಂತ ಬಿಟ್ಟು ಮ್ಯಾಲ ಬರೋದ ಕಷ್ಟ, ನಮಗ ಪುಕ್ಕಟೆ. ಬದ್ಲಿಗೆ ನಮ್ಮ ಧ್ರುವ ಬರೇ 17 ಡಿಗ್ರಿ ಎತ್ತರ, ಅದು ನಮ್ಮೂರಿನ ಅಕ್ಷಾಂಶನ.

ಶತಭಿಷಾ, ರೇವತಿ ಭಾಳ ಮಂಕ, ಊರಾಗಿಂದ ಸಿಗಂಗಿಲ್ಲ. ಗೋಲಗುಮ್ಮಟದ ಸುತ್ತಿನ ಲೈಟ್‌ನ್ಯಾಗಂತೂ ಕೇಳಬ್ಯಾಡ್ರಿ. ನಾವು ಬಬಲೇಶ್ವರ ದಾಟಿ ಮಮದಾಪುರ ಕೆರಿ ಕಡೆ ಹೋಗ್ತೀವಿ. ಹೋಗೋಕಿಂತ ಮೊದ್ಲ ಹೊಲದವರಿಗೆ ಫೋನ್ ಮಾಡ್ರಿ, ಮರೀಬ್ಯಾಡ್ರಿ! ಒಮ್ಮೆ ನಾವು ಹೇಳದ ಕೇಳದ ಕುಂತಾಗ ಪಂಪ್‌ಸೆಟ್ ಕೇಬಲ್ ಕಳ್ಳರು ಅಂತ ನಾಕೈದ್ ಮಂದಿ ಬಡಿಗಿ ಹಿಡ್ಕೊಂಡ ಬಂದ್ರು, ಕೃತ್ತಿಕಾ ತೋರಿಸಿದ ಮ್ಯಾಲ ಚಹಾ ಕೊಟ್ಟು ಕಳಿಸಿದ್ರು. ಬೂಟ್ ಹಾಕ್ಕೊಂಡ ಹೋಗ್ರಿ, ಎರಿ ಹೊಲದಾಗ ಹಾವಿನ ಕಾಟ. ಬ್ಯಾಟರಿಗೆ ಕೆಂಪು ಪೇಪರ್ ಕಟ್ರಿ, ಕಣ್ಣು ಕತ್ತಲಿಗೆ ಹೊಂದಾಕ 20-30 ನಿಮಿಷ ಬೇಕು, ಒಬ್ರು ಮೊಬೈಲ್ ತಗದ್ರೂ ಎಲ್ಲಾರದೂ ಮೊದ್ಲಿಂದ.

ಸಾಮಾನು ಏನ್ ತರೋದು ಅಂದ್ರ 10x50 (10 ಪಟ್ಟು ದೊಡ್ಡದ್ ತೋರಸೋ, 50 ಮಿ.ಮೀ. ಅಗಲ ಗಾಜಿನ) ಬೈನಾಕ್ಯುಲರ್ ಒಂದು. ಗುರುವಿನ ನಾಕು ಚಂದ್ರ, ಪುಷ್ಯದ ಹತ್ರದ ಚುಕ್ಕಿ ಗುಂಪು, 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗ್ಯಾಲಕ್ಸಿ, ಎಲ್ಲಾ ಅದರಾಗ ಆಗ್ತೈತಿ. ಶನಿಯ ಸುತ್ತಿನ ಉಂಗುರ ಮಾತ್ರ ಕಾಣಂಗಿಲ್ಲ, ಅದಕ್ಕ ಎರಡನೇ ವರ್ಷ 6 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ನೋಡ್ರಿ.

ಇನ್ನೊಂದು, ನೋಟ್‌ಬುಕ್. ಪ್ರತಿ ಸಲ ಕೃತ್ತಿಕಾದಾಗ ಎಷ್ಟು ಚುಕ್ಕಿ ಎಣಿಸಿದ್ರಿ ಬರೀರಿ, ಆರೋ ಏಳೋ, ಊರಾಗೆಷ್ಟು ಹೊಲದಾಗೆಷ್ಟು. ಅದು ಸರಾಗ ಆದ್ರ ಆಲ್ಗಾಲ್ ಅನ್ನೋ ಚುಕ್ಕಿ ಹಿಡೀರಿ, 2 ದಿನ 21 ತಾಸಿಗೊಮ್ಮೆ ಮಂಕಾಗಿ ಮತ್ತ ಬೆಳಗ್ತೈತಿ, ವರ್ಷದಾಗ ಒಂದ್ ಸಲ ಅದು ಮಂಕಾಗೋದನ್ನ ಪೂರಾ ಕುಂತು ನೋಡಿದ್ರ ಸಾಕು. ನಮಗ ಎರಡ್ ಸಲ ಮೋಡ ಬಂತು, ಮೂರನೇ ಸಲ ನಾನ ನಿದ್ದಿ ಹೊಡದೆ, ಉಳಿದವರು ನೋಡಿ ಬರದಿಟ್ಟಾರ, ನನ್ನ ಕಾಲಂ ಇನ್ನೂ ಖಾಲಿ ಐತಿ.