ಭೋಸರಿಯ ಬೋಲ್ಟ್ ಅಂಗಡಿಗೆ ಆರ್ಡರ್ ಪೋರ್ಟಲ್: ಹೆಸರು, ತೂಕ, ಬಿಲ್ಲು

ಪುಣೆ ಹತ್ತಿರದ ಭೋಸರಿ ಕೈಗಾರಿಕಾ ಪ್ರದೇಶದಿಂದ (ಎಂಐಡಿಸಿ) ಚಾಕಣದ ಕಾರ್ಖಾನೆಗಳಿಗೂ ಬೆಳಗಾವಿಯ ಫೌಂಡ್ರಿಗಳಿಗೂ ನಟ್ಟು-ಬೋಲ್ಟು ಕಳಿಸುವ ನಮ್ಮ ಅಂಗಡಿಗೆ ಆರ್ಡರ್ ಪೋರ್ಟಲ್ ಕಟ್ಟಿಸಲು ಮೂರು ವಾರ ಸಾಕಾಯಿತು. ಐಟಂ ಮಾಸ್ಟರ್, ಅಂದರೆ ಮಾಲುಗಳ ಮೂಲ ಪಟ್ಟಿ, ಸರಿಮಾಡಲು ಏಳು ತಿಂಗಳು ಹಿಡಿಯಿತು. ಇದಕ್ಕೆ ಕೈಹಾಕುವವರು ದುಡ್ಡನ್ನೂ ಆಳನ್ನೂ ಮೊದಲು ಐಟಂ ಮಾಸ್ಟರಿಗೆ ಹಾಕಿ. ಪೋರ್ಟಲ್ ಮಾರುವವರು ಈ ಮಾತು ಹೇಳುವುದಿಲ್ಲ.

ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಒಂದೇ ಬೋಲ್ಟ್ ‘10*50 ಎಚ್‌ಟಿ’, ‘ಹೆಕ್ಸ್ ಎಂ10-50’, ‘10x50 ಫುಲ್ ಥ್ರೆಡ್’ ಅಂತ ಮೂರು ಕಡೆ ಕೂತಿರುತ್ತದೆ. ಬಿಲ್ ಮಾಡುವ ಹುಡುಗನಿಗೆ ಮೂರೂ ಒಂದೇ ಎಂದು ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ನಾವು ಹಿಡಿದ ಕ್ರಮ ಇದು: ಸ್ಟ್ಯಾಂಡರ್ಡ್, ವ್ಯಾಸ, ಪಿಚ್ (ಥ್ರೆಡ್ಡಿನ ಎರಡು ಸುತ್ತುಗಳ ನಡುವಿನ ಅಂತರ), ಉದ್ದ, ಗ್ರೇಡ್, ಲೇಪನ. ಆರರಲ್ಲಿ ಒಂದು ಖಾಲಿ ಇದ್ದರೂ ಐಟಂ ಪೋರ್ಟಲ್ಲಿಗೆ ಹೋಗುವುದಿಲ್ಲ. ಪಿಚ್ ಬಿಟ್ಟರೆ ಏನಾಗುತ್ತದೆ ನೋಡಿ. ಎಂ10ಕ್ಕೆ, ಅಂದರೆ 10 ಮಿಮೀ ವ್ಯಾಸದ ಬೋಲ್ಟಿಗೆ, ಮಾಮೂಲಿ ಪಿಚ್ 1.5 ಮಿಮೀ, ಫೈನ್ ಬೇಕೆಂದರೆ 1.25. ಎರಡೂ ಕಣ್ಣಿಗೆ ಒಂದೇ. ನಟ್ಟು ಎರಡು ಸುತ್ತು ಹೋಗಿ ಕಚ್ಚಿಕೊಂಡಾಗಲೇ ಗೊತ್ತಾಗುವುದು, ಅಷ್ಟರಲ್ಲಿ ಮಾಲು ಗಿರಾಕಿಯ ಲೈನ್ ಮೇಲಿರುತ್ತದೆ.

ಸ್ಟ್ಯಾಂಡರ್ಡಿನದು ಇನ್ನೂ ಸೂಕ್ಷ್ಮ. ಜರ್ಮನಿಯ ಡಿನ್ 933 ಮತ್ತು ಅಂತರರಾಷ್ಟ್ರೀಯ ಐಎಸ್‌ಒ 4017 ಎರಡೂ ಫುಲ್ ಥ್ರೆಡ್ ಹೆಕ್ಸ್ ಬೋಲ್ಟುಗಳೇ, ‘ಒಂದೇ ಬಿಡಿ’ ಅನ್ನುವುದು ಬಜಾರಿನ ರೂಢಿ. ಆದರೆ ಎಂ10ರಲ್ಲಿ ಡಿನ್ ಬೋಲ್ಟಿಗೆ 17ರ ಪಾನಾ (ಸ್ಪ್ಯಾನರ್) ಬೇಕು, ಐಎಸ್‌ಒಗೆ 16ರದ್ದು. ಎಂ12ಕ್ಕೆ 19 ಮತ್ತು 18. ಲೈನ್ ಮೇಲೆ 17ರ ಸಾಕೆಟ್ ಕೂಡಿಸಿಟ್ಟಿದ್ದವರಿಗೆ ಐಎಸ್‌ಒ ಮಾಲು ಹೋದರೆ ತಲೆಯ ಮೂಲೆಗಳು ಸವೆದು ಉರುಟಾಗುತ್ತವೆ. ಈಗ ಪಾನಾ ಸೈಜನ್ನು ಫೋಟೋದ ಕೆಳಗೇ ದಪ್ಪಕ್ಷರದಲ್ಲಿ ಹಾಕಿದ್ದೇವೆ. ವಾಪಸಾತಿ ಕಡಿಮೆಯಾಗಿದ್ದು ಇದರಿಂದಲೇ, ಫೋಟೋದಿಂದಲ್ಲ.

ಇನ್ನು ಕಿಲೋ ಮತ್ತು ನಗದ (ಒಂದೊಂದು ಬಿಡಿ ತುಂಡಿನ) ಜಗಳ. ಕೊಳ್ಳುವುದು ಕಿಲೋ ಲೆಕ್ಕ, ಗಿರಾಕಿಯ ಪರ್ಚೇಸ್ ಆರ್ಡರ್ ಬರುವುದು ನಗದ ಲೆಕ್ಕ. ಒಂದೊಂದು ಐಟಮ್ಮಿನ 100 ನಗ ಎಣಿಸಿ ತೂಗಿ, ನೂರರಿಂದ ಭಾಗಿಸಿ ‘ನಗದ ತೂಕ’ ಅಂತ ಮಾಸ್ಟರಿಗೆ ಹಾಕಿದೆವು. 100 ನಗ 3.9 ಕಿಲೋ ಬಂತು ಅನ್ನಿ, ನಗಕ್ಕೆ 39 ಗ್ರಾಂ, 25 ಕಿಲೋ ಚೀಲದಲ್ಲಿ 641 ನಗ. ಮುಂದಿನ ಲಾಟ್ 38 ಗ್ರಾಂ ಬಂದರೆ ಅದೇ ಚೀಲದಲ್ಲಿ 657. ಹದಿನಾರು ನಗದ ಈ ವ್ಯತ್ಯಾಸ ಗೋಡೌನ್ ತುಂಬಾ ಸೇರಿದರೆ ಸ್ಟಾಕ್ ಸುಳ್ಳು ಹೇಳತೊಡಗುತ್ತದೆ. ಹಾಗಾಗಿ ತೂಕವನ್ನು ಐಟಮ್ಮಿಗೆ ಕಟ್ಟಬೇಡಿ, ಲಾಟಿಗೆ ಕಟ್ಟಿ. ಮಾಲು ಇಳಿದ ದಿನವೇ ಮತ್ತೆ ತೂಗಿ. ಜಿಂಕ್ ಮಾಡಿದ್ದನ್ನೂ ಕಪ್ಪು ಮಾಲನ್ನೂ ಬೇರೆ ಬೇರೆ ತೂಗಬೇಕು. ಬಿಲ್ಲಿನಲ್ಲಿ ಮಾತ್ರ ಗಿರಾಕಿಯ ಆರ್ಡರಿನ ಅಳತೆಯೇ ಇರಲಿ. ಅವರು ನಗ ಎಂದಿದ್ದಾಗ ನಾವು ಕೆಜಿ ಹಾಕಿದರೆ ಅವರ ಗೇಟಿನಲ್ಲಿ ಮಾಲಿನ ಎಂಟ್ರಿಯೇ ಆಗುವುದಿಲ್ಲ.

ಹುಡುಕುವ ಪಟ್ಟಿಗೆ ಜನರ ಬಾಯಿಮಾತನ್ನೇ ತುಂಬಿ: ‘ಚಾರ್ ಸೂತ್’ ಎಂದರೆ ಅರ್ಧ ಇಂಚು, ‘ಅಲೆನ್’ ಎಂದರೆ ಡಿನ್ 912 (ತಲೆಯಲ್ಲಿ ಆರು ಮೂಲೆಯ ಗುಳಿ ಇರುವ ಬೋಲ್ಟ್), ‘ವಾಯ್ಸರ್’ ಎಂದರೆ ವಾಶರ್. ಹಳೆ ಗಿರಾಕಿಗಳಲ್ಲಿ ಹೆಚ್ಚಿನವರು ಹುಡುಕುವುದೂ ಇಲ್ಲ. ‘ಹೋದ ಸಲದ್ದ ಕಳಸ್ರಿ ಅಣ್ಣಾರ’ ಅನ್ನುವುದೇ ಅವರ ಆರ್ಡರು. ಅದಕ್ಕೆ ಮೊದಲ ಪುಟದಲ್ಲೇ ಹಿಂದಿನ ಆರ್ಡರ್, ಪಕ್ಕದಲ್ಲಿ ‘ಮತ್ತೆ ಕಳಿಸಿ’ ಬಟನ್. ಬ್ಯಾನರ್ ಗೀನರ್ ಎಲ್ಲ ತೆಗೆಸಿಬಿಟ್ಟೆವು. ಲಾಗಿನ್ ಆಗದೆ ದರ ಕಾಣುವುದಿಲ್ಲ, ಏಕೆಂದರೆ ಒಬ್ಬೊಬ್ಬರ ದರ ಒಂದೊಂದು.

ಸ್ಟಾಕ್ ಬರುವುದು ಟ್ಯಾಲಿಯಿಂದ, 9000 ಪೋರ್ಟಿನ ಮೂಲಕ, 15 ನಿಮಿಷಕ್ಕೊಮ್ಮೆ. ಟ್ಯಾಲಿ ತೆರೆದಿರಬೇಕು, ಕಂಪನಿ ಲೋಡ್ ಆಗಿರಬೇಕು. ರಾತ್ರಿ ಯಾರೋ ಕಂಪ್ಯೂಟರ್ ಆರಿಸಿ ಹೋದರೆ ಬೆಳಗಿನ ಆರ್ಡರುಗಳೆಲ್ಲ ನಿನ್ನೆಯ ಸ್ಟಾಕಿನ ಮೇಲೆ ಬೀಳುತ್ತವೆ, ಎಲ್ಲೂ ಎರರ್ ಕಾಣುವುದಿಲ್ಲ. ಕೊನೆಯ ಸಿಂಕ್ ಆದ ಸಮಯ ಪರದೆಯ ಮೇಲಿರಲಿ. ಒಂದು ಗಂಟೆ ದಾಟಿದರೆ ಫೋನಿಗೆ ಮೆಸೇಜ್ ಬರಲಿ.

ನಮ್ಮಂಥ ಅಂಗಡಿಗಳು ಆನ್‌ಲೈನಿಗೆ ಬರಲು ದೊಡ್ಡ ಕಾರಣ ಇ-ಇನ್‌ವಾಯ್ಸ್ (ಸರಕಾರದ ಪೋರ್ಟಲ್ಲಿನಲ್ಲಿ ದಾಖಲಿಸಬೇಕಾದ ಬಿಲ್ಲು) ಎಂದೇ ನನ್ನ ಲೆಕ್ಕ. 2020ರ ಅಕ್ಟೋಬರಿನಲ್ಲಿ 500 ಕೋಟಿ ವಹಿವಾಟಿನ ಮೇಲಿನವರಿಗಷ್ಟೇ ಇದ್ದದ್ದು 2023ರ ಆಗಸ್ಟಿಗೆ 5 ಕೋಟಿಗೆ ಇಳಿಯಿತು. ಮಾಲಿನ ತೆರಿಗೆ ಕೋಡ್ ಎಚ್‌ಎಸ್‌ಎನ್ ಆರು ಅಂಕಿ ಬೇಕು: ಬೋಲ್ಟಿಗೆ 731815, ನಟ್ಟಿಗೆ 731816. ನೆಟ್ ಕೈಕೊಟ್ಟು ಉತ್ತರ ಬಾರದಿದ್ದಾಗ ಸಾಫ್ಟ್‌ವೇರ್ ಅದೇ ಬಿಲ್ಲನ್ನು ಮತ್ತೆ ಕಳಿಸುತ್ತದೆ. 2150 ಎಂಬ ಎರರ್ ಬರುತ್ತದೆ. ಗಾಬರಿಯಾಗಿ ಹೊಸ ನಂಬರಿನ ಬಿಲ್ ಮಾಡಬೇಡಿ, ಒಂದೇ ಮಾಲಿಗೆ ಎರಡು ಬಿಲ್ ಆಗುತ್ತದೆ. ಐಆರ್‌ಎನ್, ಅಂದರೆ ಬಿಲ್ಲಿಗೆ ಸಿಗುವ ಸರಕಾರಿ ಗುರುತಿನ ನಂಬರು, ಹುಟ್ಟುವುದು ನಮ್ಮ ಜಿಎಸ್‌ಟಿ ನಂಬರು, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ಬಿಲ್ ನಂಬರಿನಿಂದ. ಅವು ಬದಲಾಗದಿದ್ದರೆ ಐಆರ್‌ಎನ್ನೂ ಅದೇ. 2150 ಎಂದರೆ ಅದು ಆಗಲೇ ಇದೆ, ಬಿಲ್ ಮೊದಲ ಸಲವೇ ಪಾಸಾಗಿದೆ. ಆ ಐಆರ್‌ಎನ್ ತರಿಸಿಕೊಂಡರೆ ಸಾಕು. ರದ್ದಿಗೆ 24 ಗಂಟೆ ಮಾತ್ರ, ಅದೂ ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಆನ್‌ಲೈನ್ ದಾಖಲೆ) ಮೊದಲು ರದ್ದಾಗಿರಬೇಕು. ಆ ಬಿಲ್ ನಂಬರ್ ಮತ್ತೆ ನಡೆಯುವುದಿಲ್ಲ.

ಬಿಲ್ ಪುಣೆಯ ಹೆಡ್ ಆಫೀಸಿಗೆ, ಮಾಲು ಅವರು ಹೇಳಿದ ಬೆಳಗಾವಿಯ ಜಾಬ್‌ವರ್ಕ್‌ನವರಿಗೆ ಎಂದಾಗ ಹೊಸಬರು ಐಜಿಎಸ್‌ಟಿ (ಹೊರ ರಾಜ್ಯದ ವ್ಯಾಪಾರದ ತೆರಿಗೆ) ಹಾಕುತ್ತಾರೆ. ತೆರಿಗೆಗೆ ನೋಡಬೇಕಾದ್ದು ಬಿಲ್ ಯಾರ ಹೆಸರಿಗೆ ಎಂದು. ಅವರ ಜಿಎಸ್‌ಟಿ ನಂಬರ್ ಮಹಾರಾಷ್ಟ್ರದ ಕೋಡ್ 27ರಿಂದ ಶುರುವಾದರೆ ರಾಜ್ಯದೊಳಗಿನ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ, ಮಾಲು ಗಡಿ ದಾಟಿದರೂ ಅಷ್ಟೇ.

ಉದ್ರಿ ವಿಷಯದಲ್ಲಿ ಒಂದು ಮಾತು. ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ಯಮಗಳ ನೋಂದಣಿ) ಇದೆ, 45 ದಿನದಲ್ಲಿ ದುಡ್ಡು ಬರಲೇಬೇಕು ಎಂದು ಬರೀ ವ್ಯಾಪಾರ ಮಾಡುವವರು ನಂಬಿ ಕೂರಬೇಡಿ. 2021ರಲ್ಲಿ ವ್ಯಾಪಾರಿಗಳನ್ನು ಸೇರಿಸಿದ್ದು ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ. ಉದ್ರಿ ಲಿಮಿಟ್ ದಾಟಿದ ಆರ್ಡರನ್ನು ಪೋರ್ಟಲ್ ತಾನೇ ತಡೆಹಿಡಿಯುವಂತೆ ಮಾಡಿದ್ದೇವೆ. ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದ ದಿನದ 24 ಗಂಟೆ ಇರುವುದರಿಂದ ಭಾನುವಾರ ದುಡ್ಡು ಬಂದರೂ ಆರ್ಡರ್ ಬಿಡುಗಡೆಯಾಗುತ್ತದೆ. ಗಿರಾಕಿಗೊಂದು ವರ್ಚುವಲ್ ಅಕೌಂಟ್ ನಂಬರ್ ಕೊಟ್ಟರೆ ಯಾರ ದುಡ್ಡು ಎಂದು ಹುಡುಕುವ ಕೆಲಸ ತಪ್ಪುತ್ತದೆ.

ಇ-ವೇ ಬಿಲ್ಲಿನ ಮಿತಿ ಮಹಾರಾಷ್ಟ್ರದೊಳಗೆ 1 ಲಕ್ಷ, ಹೊರ ರಾಜ್ಯಕ್ಕೆ 50,000. ಬೆಳಗಾವಿ ಸುಮಾರು 350 ಕಿಮೀ. 200 ಕಿಮೀಗೆ ಒಂದು ದಿನದಂತೆ ಎರಡು ದಿನ ಸಿಗುತ್ತದೆ. ಗಾಡಿ ನಂಬರನ್ನು ನಾವೇ ಶನಿವಾರ ತುಂಬಿದರೆ ಮಾಲು ಟ್ರಾನ್ಸ್‌ಪೋರ್ಟ್ ಗೋಡೌನಿನಲ್ಲಿ ಬಿದ್ದಿರುವಾಗಲೇ ಅವಧಿ ಓಡುತ್ತದೆ. ನಾವು ಇ-ವೇ ಬಿಲ್ಲಿನ ಪಾರ್ಟ್ ಎಯಲ್ಲಿ (ಮಾಲಿನ ವಿವರ) ಟ್ರಾನ್ಸ್‌ಪೋರ್ಟರ್ ಐಡಿ ಮಾತ್ರ ಹಾಕಿ ಬಿಡುತ್ತೇವೆ. ಪಾರ್ಟ್ ಬಿ (ಗಾಡಿಯ ವಿವರ) ಅವರೇ, ಲಾರಿಗೆ ಹೇರುವಾಗ ತುಂಬುತ್ತಾರೆ.