ಎರಡು ಟ್ಯೂಬ್ ಆ್ಯಂಪ್‌ಗಳನ್ನು ಅಕ್ಕಪಕ್ಕ ಇಟ್ಟು ಕೇಳುವುದು ಹೇಗೆ?

ಬೆಳಗಾವಿಯಲ್ಲಿ ತಂಬೂರಿ, ಹಾರ್ಮೋನಿಯಂ ಕೇಳಿ ಬೆಳೆದ ಕಿವಿಗಳು ಜಾಸ್ತಿ. ತಂಬೂರಿಯ ತಂತಿಯಡಿ ಇಡುವ ಜವಾರಿ ದಾರ ಕೂದಲೆಳೆಯಷ್ಟು ಸರಿದರೂ ಹಿರಿಯರು ತಟ್ಟನೆ ತಲೆ ಎತ್ತುತ್ತಾರೆ. ಅಂಥ ಕಿವಿಯೂ ಗಿಟಾರಿನ ಟ್ಯೂಬ್ ಆ್ಯಂಪ್ (ಹಳೇ ರೇಡಿಯೋದಂಥ ಗಾಜಿನ ವಾಲ್ವ್‌ಗಳಿಂದ ಸದ್ದು ಹೆಚ್ಚಿಸುವ ಆ್ಯಂಪ್ಲಿಫೈಯರ್) ಮುಂದೆ ಸುಲಭವಾಗಿ ಮೋಸ ಹೋಗುತ್ತದೆ. ಕಾರಣ ಒಂದೇ. ಎರಡರಲ್ಲಿ ಗಟ್ಟಿಯಾಗಿ ಕೇಳುವುದೇ ಚೆಂದ ಅನಿಸುತ್ತದೆ.

ಹೋದ ಮಳೆಗಾಲದಲ್ಲಿ ಟಿಳಕವಾಡಿಯ ಗೆಳೆಯನ ಮನೆಯಲ್ಲಿ ನಾವು ನಾಲ್ವರು ಸೇರಿದ್ದೆವು. ಕೈಯಿಂದಲೇ ವೈರಿಂಗ್ ಮಾಡಿದ ಎರಡು ಬುಟಿಕ್ (ಸಣ್ಣ ತಯಾರಕರ) ಆ್ಯಂಪ್ ಹೆಡ್‌ಗಳಿದ್ದವು, ಅಂದರೆ ಸ್ಪೀಕರ್ ಇಲ್ಲದ ಬರೀ ಆ್ಯಂಪ್‌ಗಳು. ಒಂದರಲ್ಲಿ ಎರಡು ಇಎಲ್84 ಟ್ಯೂಬ್, 15 ವ್ಯಾಟ್. ಇನ್ನೊಂದರಲ್ಲಿ ಎರಡು ಇಎಲ್34, ಅದಕ್ಕಿಂತ ದೊಡ್ಡದು. ಮೊದಲ ಸುತ್ತಿನಲ್ಲಿ ನಾಲ್ವರೂ ದೊಡ್ಡದಕ್ಕೇ ಮತ ಹಾಕಿದೆವು. ಎರಡರ ಸದ್ದನ್ನೂ ಸಮ ಮಾಡಿ ಮತ್ತೆ ನುಡಿಸಿದಾಗ ಮೂವರು ಮನಸ್ಸು ಬದಲಿಸಿದೆವು. ಅದರಲ್ಲಿ ನಾನೂ ಒಬ್ಬ.

ಮೊದಲು ಕರೆಂಟ್, ಸ್ಪೀಕರ್

ಆ್ಯಂಪ್ ಅಮೆರಿಕದಿಂದ ಬಂದಿದ್ದರೆ ಹಿಂದಿನ ಫಲಕ ನೋಡಿ. 120 ವೋಲ್ಟ್ ಅಂತಿದ್ದರೆ ನಮ್ಮ 230 ವೋಲ್ಟ್‌ಗೆ ನೇರ ಹಾಕಲೇಬೇಡಿ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ವೋಲ್ಟೇಜ್ ಇಳಿದರೆ ನಾದವೂ ಬದಲಾಗುತ್ತದೆ. 230 ಇರುವುದು ಸಂಜೆ 205ಕ್ಕೆ ಬಂತು ಅನ್ನಿ. ಆ್ಯಂಪಿನೊಳಗೆ ಏರಿಸಿ ಟ್ಯೂಬಿಗೆ ಕೊಡುವ 400 ವೋಲ್ಟ್ ಸುಮಾರು 355ಕ್ಕೆ ಇಳಿಯುತ್ತದೆ. ದನಿ ಮೆತ್ತಗಾಗುತ್ತದೆ, ಬೇಗ ಒಡೆದು ಒರಟಾಗುತ್ತದೆ. ಹಾಗಾಗಿ ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆ ಕೇಳಿ ತೀರ್ಮಾನ ಮಾಡಬೇಡಿ.

ಸ್ಪೀಕರ್ ಜೋಡಿಸದೆ ಟ್ಯೂಬ್ ಆ್ಯಂಪ್ ಆನ್ ಮಾಡಿ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು. ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) 8 ಓಮ್ ಆದರೆ ಆ್ಯಂಪನ್ನೂ 8 ಓಮ್‌ಗೇ ಇಡಿ. ಎರಡೂ ಹೆಡ್‌ಗಳಿಗೆ ಒಂದೇ ಕ್ಯಾಬಿನೆಟ್ ಬಳಸಿ. ಬದಲಿಸುವಾಗ ಪೂರ್ತಿ ಆಫ್ ಮಾಡಿಯೇ ಕೇಬಲ್ ತೆಗೆಯಿರಿ. ಒಂದೇ ಕ್ಯಾಬಿನೆಟ್ ಯಾಕೆ ಅಂದರೆ, ಸ್ಪೀಕರ್ ಒಂದರಿಂದಲೇ ಸದ್ದು ಅಷ್ಟು ಬದಲಾಗುತ್ತದೆ. 97 ಡೆಸಿಬಲ್ ಸದ್ದು ಕೊಡುವ ಸ್ಪೀಕರಿನ ಬದಲು ಅಷ್ಟೇ ವ್ಯಾಟಿಗೆ 100 ಡೆಸಿಬಲ್ ಕೊಡುವುದನ್ನು ಹಾಕಿದರೆ ಆ್ಯಂಪಿನ ವ್ಯಾಟ್ ದುಪ್ಪಟ್ಟು ಮಾಡಿದಂತೆಯೇ.

ಸದ್ದನ್ನು ಸಮ ಮಾಡಿ

ಇದು ಇಡೀ ಕೆಲಸದ ಜೀವ. ಅವಸರ ಬೇಡ.

ಸದ್ದು ಅಳೆಯುವ ಆ್ಯಪ್ ಮೊಬೈಲಿನಲ್ಲಿ ಹಾಕಿಕೊಳ್ಳಿ. ಮೊಬೈಲನ್ನು ನೀವು ಕೂರುವ ಕುರ್ಚಿಯ ಹತ್ತಿರ, ಕಿವಿಯ ಎತ್ತರಕ್ಕೆ ಇಡಿ. ಲೂಪರ್ ಪೆಡಲ್‌ನಲ್ಲಿ (ನುಡಿಸಿದ್ದನ್ನು ತುಂಬಿಕೊಂಡು ಮತ್ತೆ ಮತ್ತೆ ಕೇಳಿಸುವ ಪೆಟ್ಟಿಗೆ) ಹತ್ತು ಸೆಕೆಂಡಿನ ತುಣುಕೊಂದನ್ನು ತುಂಬಿಸಿ, ಅದನ್ನೇ ಎರಡೂ ಆ್ಯಂಪಿಗೆ ಕಳಿಸಿ. ಆಗ ಕೈಯ ಒತ್ತಡ ಪ್ರತಿ ಸಲ ಅಷ್ಟೇ ಇರುತ್ತದೆ. ಎರಡೂ ಸುಮಾರು 85 ಡೆಸಿಬಲ್‌ಗೆ ಬರುವವರೆಗೆ ವಾಲ್ಯೂಮ್ ತಿರುಗಿಸಿ. ಮೊಬೈಲಿನ ಲೆಕ್ಕ ಪಕ್ಕಾ ಇಲ್ಲದಿದ್ದರೂ ಚಿಂತೆಯಿಲ್ಲ, ಎರಡನ್ನೂ ಅದೇ ಮೊಬೈಲ್ ಅಳೆಯುತ್ತದೆ ಅಲ್ವಾ!

ಗುಂಡಿಯ ಮೇಲಿನ ಅಂಕಿಗಳನ್ನು ನಂಬಬೇಡಿ. ಕೆಲವು ಆ್ಯಂಪ್ 4 ತಲುಪುವಷ್ಟರಲ್ಲೇ ತನ್ನ ಗಟ್ಟಿತನವನ್ನೆಲ್ಲ ಕೊಟ್ಟುಬಿಡುತ್ತದೆ. ಅಲ್ಲಿಂದ 10ರವರೆಗೆ ಏರಿಸಿದರೂ ಸದ್ದು ಹೆಚ್ಚುವುದು ಸ್ವಲ್ಪವೇ, ದನಿ ಒರಟಾಗುತ್ತಾ ಹೋಗುತ್ತದೆ. ವ್ಯಾಟ್ ಕೂಡ ಹಾಗೇ. 15ರಿಂದ 30 ವ್ಯಾಟ್ ಆದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ. ಕಿವಿಗೆ ದುಪ್ಪಟ್ಟು ಗಟ್ಟಿ ಅನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು! ದೊಡ್ಡ ಆ್ಯಂಪಿನ ನಿಜವಾದ ಲಾಭ ಬೇರೆ: ಇನ್ನಷ್ಟು ಮೇಲೆ ಹೋದರೂ ದನಿ ಒಡೆಯದೆ ಸ್ವಚ್ಛವಾಗಿರುತ್ತದೆ. ಡ್ರಮ್ಮಿನ ಜೊತೆ ನುಡಿಸುವವರಿಗೆ ಅದು ಬೇಕು. ಮನೆಯಲ್ಲಿ ನುಡಿಸುವವರಿಗೆ ಅದು ಭಾರವೇ.

ಈಗ ನಾದ

ಎರಡೂ ಆ್ಯಂಪಿನ ಬೇಸ್, ಟ್ರೆಬಲ್ ನಡುಮಧ್ಯಕ್ಕೆ ಇಟ್ಟರೆ ನ್ಯಾಯವಾಯಿತು ಅಂದುಕೊಳ್ಳುವವರಿದ್ದಾರೆ. ಅದು ತಪ್ಪು. ಒಂದೊಂದು ಸರ್ಕ್ಯೂಟಿನಲ್ಲೂ ನಡುಮಧ್ಯದ ಅರ್ಥ ಬೇರೆ. ಬುಟಿಕ್ ಆ್ಯಂಪ್‌ಗಳಲ್ಲಿ ಬಹಳಷ್ಟು ಫೆಂಡರ್, ಮಾರ್ಷಲ್, ವಾಕ್ಸ್ ಕಂಪನಿಗಳ ಹಳೇ ಸರ್ಕ್ಯೂಟಿನ ಕುಡಿಗಳು. ಮ್ಯಾಚ್‌ಲೆಸ್ ಕಂಪನಿಯ ಡಿಸಿ-30 ಆ್ಯಂಪ್ ವಾಕ್ಸ್ ಎಸಿ30ರ ದಾರಿಯದು, ಅದರಂತೆ ಇದರಲ್ಲೂ ನಾಲ್ಕು ಇಎಲ್84. ಪ್ರತಿಯೊಂದನ್ನೂ ಅದು ಚೆಂದ ಕೇಳುವ ಜಾಗಕ್ಕೆ ಕಿವಿಯಿಂದ ತನ್ನಿ. ಆಮೇಲೆ ಸದ್ದನ್ನು ಇನ್ನೊಮ್ಮೆ ಸಮ ಮಾಡಿ.

ಈಗ ಲೂಪರ್ ಬಿಟ್ಟು ನೀವೇ ನುಡಿಸಿ. ಒಂದು ಇ ಕಾರ್ಡ್ ಹೊಡೆದು ಕೈ ಎತ್ತಿ. ಮೊದಲ ಪೆಟ್ಟಿನಲ್ಲಿ ಆರೂ ತಂತಿ ಬಿಡಿಬಿಡಿಯಾಗಿ ಕೇಳುತ್ತವೆಯೇ? ದನಿ ಆರುವಾಗ ನುಣ್ಣಗೆ ಕರಗುತ್ತದೆಯೋ, ಗರಗರ ಅಂದು ನಿಲ್ಲುತ್ತದೆಯೋ? ಗಿಟಾರಿನ ವಾಲ್ಯೂಮ್ 5ಕ್ಕೆ ಇಳಿಸಿ. ಒಳ್ಳೆಯ ಆ್ಯಂಪಿನಲ್ಲಿ ಒರಟು ಹೋಗಿ ದನಿ ತಿಳಿಯಾಗುತ್ತದೆ, ಜೀವ ಹೋಗುವುದಿಲ್ಲ. ನಾನು ಆ್ಯಂಪ್ ಆರಿಸುವುದು ಇದೊಂದರಿಂದಲೇ.

ಕೊನೆಯ ಸುತ್ತಿನಲ್ಲಿ ಹೆಡ್‌ಗಳ ಮುಂದೆ ಚಾದರ ಇಳಿಬಿಡಿ. ಗೆಳೆಯರೊಬ್ಬರು ಬದಲಿಸಲಿ, ಯಾವುದು ಅಂತ ಹೇಳದಿರಲಿ. ಹೆಸರು, ಬೆಲೆ ಕಣ್ಣಿಗೆ ಬೀಳದಿದ್ದರೆ ಕಿವಿ ಚುರುಕಾಗುತ್ತದೆ. ಮೊಬೈಲ್ ರೆಕಾರ್ಡಿಂಗ್ ಕೇಳಿ ನಿರ್ಧರಿಸಬೇಡಿ, ಅದು ಗಟ್ಟಿ ದನಿಯನ್ನು ತಾನೇ ಒತ್ತಿಬಿಡುತ್ತದೆ.

ಪೂರ್ತಿ ಏರಿಸಿ ಕೇಳುವ ಆಸೆ ಇದ್ದರೆ ಕಿವಿಗೆ ಪ್ಲಗ್ ಹಾಕಿಕೊಳ್ಳಿ. 100 ಡೆಸಿಬಲ್‌ನಲ್ಲಿ 15 ನಿಮಿಷವೇ ಮಿತಿ. ಮುಗಿದ ಮೇಲೆ ಆಫ್ ಮಾಡಿ, ಒಂದು ಕಪ್ ಚಹಾ ಕುಡಿದು ಬನ್ನಿ. ಬಿಸಿ ಟ್ಯೂಬಿಗೆ ಪೆಟ್ಟು ತಾಳುವ ಶಕ್ತಿ ಕಡಿಮೆ. ಆರಿದ ಮೇಲೇ ಮೆಟ್ಟಿಲಿಳಿಸಿ.