ನೋಟರಿ ಮೊಹರು ಬಿದ್ದ ಮಾತ್ರಕ್ಕೆ ವಿಚ್ಛೇದನ ಆಗದು: ಒಪ್ಪಿ ಬೇರೆಯಾಗುವವರು ಒಪ್ಪಂದ ಬರೆಸುವ ಬಗೆ

ಆಲೂರು ಕಡೆಯ ಒಬ್ಬ ತಂದೆ ಹೋದ ವರ್ಷ ಹಾಸನದ ನನ್ನ ಕಚೇರಿಗೆ ಬಂದು, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದ ಒಂದು ಛಾಪಾ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟರು. ‘ಮೇಡಂ, ಮಗಳದ್ದು ಬಿಡುಗಡೆ ಆಗಿ ನಾಲ್ಕು ವರ್ಷ ಆಯ್ತು. ಈಗ ಒಳ್ಳೆ ಸಂಬಂಧ ಬಂದೈತೆ. ಆ ಕಡೆಯೋರು ಕೋರ್ಟಿನ ಕಾಗದ ಕೇಳ್ತಾರೆ. ಇದು ಸಾಕಲ್ವಾ?’

ಸಾಲದು. ಊರ ಹಿರಿಯರ ಸಹಿ, ನೋಟರಿ ಮೊಹರು ಎಷ್ಟೇ ಇದ್ದರೂ 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಆ ಹುಡುಗಿ ಇನ್ನೂ ಮೊದಲಿನವನ ಹೆಂಡತಿ. ಇನ್ನೊಂದು ಮದುವೆಯಾದರೆ ಅದು ಅನೂರ್ಜಿತ, ಜೊತೆಗೆ ಏಳು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಕುಲಾಚಾರದ ವಿಚ್ಛೇದನಕ್ಕೆ ಕಾಯ್ದೆಯ ಕಲಂ 29ರಲ್ಲಿ ಜಾಗವಿದೆ ನಿಜ. ಆದರೆ ಅಂಥ ಪದ್ಧತಿ ನಮ್ಮಲ್ಲಿ ತಲೆತಲಾಂತರದಿಂದ ಇದೆ ಎಂದು ಸಾಕ್ಷಿ ಸಮೇತ ರುಜುವಾತು ಮಾಡಬೇಕು. ಅದನ್ನು ನೆಚ್ಚಿಕೊಂಡು ಮಗಳ ಎರಡನೇ ಮದುವೆಗೆ ಛತ್ರ ಗೊತ್ತುಮಾಡಬೇಡಿ.

ಇನ್ನೊಂದು ಬಗೆಯವರೂ ಬರುತ್ತಾರೆ. ಮೂಡಿಗೆರೆ, ಸಕಲೇಶಪುರದಲ್ಲಿ ತೋಟ, ಮಗ ಬೆಂಗಳೂರಿನಲ್ಲಿ ಕೆಲಸ. ಮದುವೆಗೆ ಮುಂಚೆಯೇ ‘ಬಿಟ್ಟರೆ ಇಷ್ಟೇ, ಜೀವನಾಂಶ ಕೇಳುವಂತಿಲ್ಲ’ ಎಂದು ಬರೆಸಿಕೊಳ್ಳಬಹುದೇ ಎನ್ನುತ್ತಾರೆ. ಹಿಂದೂ ಮದುವೆಯಲ್ಲಿ ಅಂಥ ಕರಾರನ್ನು ನಂಬಿಕೊಳ್ಳುವಂತಿಲ್ಲ. 1872ರ ಕರಾರು ಕಾಯ್ದೆಯ ಕಲಂ 23ರಂತೆ ಸಾರ್ವಜನಿಕ ನೀತಿಗೆ ವಿರುದ್ಧವಾದ ಒಪ್ಪಂದ ನಿಲ್ಲುವುದಿಲ್ಲ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆ ಇರುವುದರಿಂದ ಅಲ್ಲಿ ಮದುವೆಪೂರ್ವ ಒಪ್ಪಂದಕ್ಕೆ ಮಾನ್ಯತೆ ಉಂಟು. ಮುಸ್ಲಿಮರ ನಿಕಾಹ್‌ನಾಮಾದಲ್ಲಿ (ಮದುವೆಯ ಒಪ್ಪಂದ ಪತ್ರ) ಬರೆದ ಮೆಹರ್, ಅಂದರೆ ಗಂಡ ಕೊಡಲು ಒಪ್ಪಿದ ಹಣ, ಕೂಡ ಹೆಂಡತಿಯ ಹಕ್ಕು. ಉಳಿದವರಿಗೆ ನನ್ನ ಸಲಹೆ ಒಂದೇ: ಅಂಥ ಕರಾರು ಬರೆಸುವ ದುಡ್ಡು ಉಳಿಸಿ, ಮದುವೆಯ ಒಡವೆಗಳ ಬಿಲ್ಲನ್ನು ಎರಡೂ ಮನೆಯಲ್ಲಿ ಒಂದೊಂದು ಪ್ರತಿ ಇಡಿ.

ಈಗ ಒಪ್ಪಿ ಬೇರೆಯಾಗುವ ದಾರಿ.

ಮೊದಲ ಹಂತ: ಅರ್ಹತೆ. ಹಿಂದೂ ವಿವಾಹ ಕಾಯ್ದೆಯ ಕಲಂ 13ಬಿ ಅಡಿ ಜಂಟಿ ಅರ್ಜಿ ಹಾಕಲು ಕನಿಷ್ಠ ಒಂದು ವರ್ಷ ಬೇರೆ ಬೇರೆ ಬಾಳಿರಬೇಕು. ಒಂದೇ ಸೂರಿನಡಿ ಇದ್ದೂ ಗಂಡ–ಹೆಂಡತಿಯಾಗಿ ಬಾಳದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಎರಡನೇ ಹಂತ: ಒಪ್ಪಂದದ ಷರತ್ತುಗಳು. ಜನ ಎಡವುವುದು ಇಲ್ಲೇ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಸಿದ್ಧ ನಮೂನೆಯಲ್ಲಿ ಹೆಸರು ಮಾತ್ರ ಬದಲಿಸಿ ತರುತ್ತಾರೆ. ಒಂದರಲ್ಲಿ ಮಕ್ಕಳೇ ಇಲ್ಲದ ದಂಪತಿಗೆ ‘ಮಗುವಿನ ಪಾಲನೆ ತಾಯಿಗೆ’ ಎಂದಿತ್ತು. ಬಿಳಿ ಹಾಳೆಯಲ್ಲಿ ಮೊದಲು ನೀವೇ ಕೈಯಲ್ಲಿ ಬರೆಯಿರಿ, ಆಮೇಲೆ ವಕೀಲರ ಹತ್ತಿರ ಹೋಗಿ.

ಹಣದ ವಿಷಯದಲ್ಲಿ ‘ಜೀವನಾಂಶ ಕೊಡತಕ್ಕದ್ದು’ ಎಂದರೆ ಏನೂ ಹೇಳಿದಂತಾಗಲಿಲ್ಲ. ಮೊತ್ತ ಎಷ್ಟು, ಎಷ್ಟು ಕಂತು, ಯಾವ ದಿನ, ತಪ್ಪಿದರೆ ಬಡ್ಡಿ ಎಷ್ಟು, ಎಲ್ಲವೂ ಬರಬೇಕು. ಮುಂದಿನ ದಿನಾಂಕದ ಚೆಕ್ಕುಗಳನ್ನು ನಾನು ಒಪ್ಪುವುದೇ ಇಲ್ಲ. ಅವು ಬೌನ್ಸಾಗಿ ಹೆಣ್ಣುಮಕ್ಕಳು ಮತ್ತೆ ಕೋರ್ಟು ಹತ್ತಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಅರ್ಧ ಹಣ ಅರ್ಜಿ ಹಾಕುವ ದಿನ, ಉಳಿದರ್ಧ ಕೊನೆಯ ಹೇಳಿಕೆಯ ದಿನ ನ್ಯಾಯಾಧೀಶರ ಎದುರೇ ಡಿಡಿ ಮೂಲಕ. ಡಿಡಿ ನಂಬರು ಹೇಳಿಕೆಯಲ್ಲಿ ದಾಖಲಾಗಲಿ.

‘ಇಷ್ಟು ಕೊಟ್ಟಾಯಿತು, ಇನ್ನು ಮುಂದೆ ಏನೂ ಕೇಳುವುದಿಲ್ಲ’ ಎಂದು ಬರೆಸಿ ನಿಶ್ಚಿಂತರಾಗುವವರು ಒಂದು ಪ್ರಕರಣ ತಿಳಿದಿರಲಿ. ಕರ್ನಾಟಕದ್ದೇ ಒಂದು ಕೇಸಿನಲ್ಲಿ ಹೆಂಡತಿ 8,000 ರೂಪಾಯಿಗೆ ರಾಜಿಯಾಗಿದ್ದರು. ಮುಂದೆ ಆಕೆ ಜೀವನಾಂಶಕ್ಕೆ ದಾವೆ ಹಾಕಿದಾಗ, ಹಳೇ ರಾಜಿ ಅದಕ್ಕೆ ಅಡ್ಡಿಯಾಗದು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನ್ಯಾಯವಾದ ಮೊತ್ತ ಕೊಡುವುದು ಕೊಡುವವರಿಗೂ ಕ್ಷೇಮ.

ಒಡವೆಯನ್ನು ಒಂದೊಂದಾಗಿ, ಗ್ರಾಂ ಸಮೇತ ಬರೆಯಿರಿ. ತವರಿನಿಂದ ಬಂದದ್ದು, ಮದುವೆಯಲ್ಲಿ ಅವಳಿಗೆಂದೇ ಕೊಟ್ಟದ್ದು ಸ್ತ್ರೀಧನ. 1985ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅದರ ಪೂರ್ಣ ಒಡೆತನ ಹೆಂಡತಿಯದು. ಅದನ್ನು ಹಿಂತಿರುಗಿಸಿ ‘ಪರಿಹಾರ ಕೊಟ್ಟೆವು’ ಎಂದು ಬರೆಸಬೇಡಿ.

ತೋಟ ಕೊಡುವುದಾದರೆ ಇನ್ನೂ ಎಚ್ಚರ. ‘ಎರಡು ಎಕರೆ ಕಾಫಿ ತೋಟ ಕೊಡಲಾಗುವುದು’ ಎಂಬ ಸಾಲಿಗೆ ಬೆಲೆಯಿಲ್ಲ. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ, ಒಳಗೆ ಹೋಗುವ ದಾರಿ, ಕೆರೆ ನೀರಿನ ಹಕ್ಕು ಬರೆಯಿರಿ. ಪಹಣಿ, ಇಸಿ (ಋಣಭಾರ ಪತ್ರ) ತೆಗೆಸಿ. ಬೆಳೆಸಾಲ ಇದ್ದರೆ ಯಾರು ತೀರಿಸಬೇಕೆಂದು ನಮೂದಿಸಿ. ಪಾಲಾಗದ ಪಿತ್ರಾರ್ಜಿತದಲ್ಲಿ ಉಳಿದವರ ಒಪ್ಪಿಗೆಯಿಲ್ಲದೆ ಗಂಡ ತನ್ನ ಭಾಗವನ್ನು ದಾನ ಬರೆಯಲು ಬರುವುದಿಲ್ಲ. ಮೊದಲು ವಿಭಾಗ ಪತ್ರ ಆಗಬೇಕು. ದಾನಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಡಿಕ್ರಿಗೆ (ನ್ಯಾಯಾಲಯದ ವಿಚ್ಛೇದನ ಆದೇಶಕ್ಕೆ) ಮುಂಚೆಯೇ ನೋಂದಾಯಿಸಿ. ಗಂಡ–ಹೆಂಡತಿ ನಡುವಿನ ದಾನಕ್ಕೆ ಮುದ್ರಾಂಕ ಶುಲ್ಕದ ರಿಯಾಯಿತಿ ಇದೆ, ಡಿಕ್ರಿಯಾದ ಮೇಲೆ ಆ ಸಂಬಂಧವೇ ಇರುವುದಿಲ್ಲ. ಕೊನೆಯ ಹೇಳಿಕೆಯ ವಾರದಲ್ಲೇ ನೋಂದಣಿ ಇಟ್ಟುಕೊಂಡರೆ ಎರಡೂ ಕಡೆಗೆ ಧೈರ್ಯ.

ಮಕ್ಕಳ ಪಾಲಿನದನ್ನು ಅಪ್ಪ–ಅಮ್ಮ ಬಿಟ್ಟುಕೊಡಲು ಬರುವುದಿಲ್ಲ. ಅವರ ಜೀವನಾಂಶವಾಗಲಿ, ಪಿತ್ರಾರ್ಜಿತದಲ್ಲಿನ ಹಕ್ಕಾಗಲಿ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಗುವಿನದೂ ಸೇರಿ, ನಿಮ್ಮ ಸಹಿಯಿಂದ ಹೋಗದು. ‘ತಂದೆ ಆಗಾಗ ನೋಡಬಹುದು’ ಎಂದು ದಯವಿಟ್ಟು ಬರೆಸಬೇಡಿ. ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಐದು, ಕರೆದೊಯ್ಯುವುದು ಎಲ್ಲಿಂದ, ದಸರಾ ರಜೆ ಯಾರ ಮನೆ, ಬೇಸಿಗೆ ರಜೆ ಎಷ್ಟು ದಿನ, ಶಾಲೆ ಫೀಸು ಯಾರದು, ಎಲ್ಲವೂ ಬೇಕು. ಗೇಟಿನ ಹತ್ತಿರ ಅಪ್ಪ ಬರುತ್ತಾನೋ ಇಲ್ಲವೋ ಎಂದು ಮಗು ಕಾಯಬಾರದು.

ಹಾಕಿಕೊಂಡ ಕೇಸುಗಳ ನಂಬರನ್ನೂ ಪಟ್ಟಿ ಮಾಡಿ. ಕೌಟುಂಬಿಕ ಹಿಂಸೆಯ ಅರ್ಜಿಯನ್ನು ಅದೇ ನ್ಯಾಯಾಲಯದಲ್ಲಿ ಹಿಂಪಡೆಯಬಹುದು. ಗಂಡ, ಅವನ ಮನೆಯವರ ಕ್ರೌರ್ಯದ 498ಎ ಕೇಸು (2024ರ ಜುಲೈನಿಂದ ಈಚಿನ ಘಟನೆಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 85) ನಮ್ಮ ರಾಜ್ಯದಲ್ಲಿ ಹಾಗೆ ರಾಜಿಯಾಗುವಂಥದ್ದಲ್ಲ. ರದ್ದು ಕೋರಿ ಹೈಕೋರ್ಟಿಗೆ ಹೋಗಬೇಕು. ಅದಕ್ಕೆ ಹೆಂಡತಿ ಸಹಕರಿಸುವ ಮಾತು ಒಪ್ಪಂದದಲ್ಲಿ ಇರಲಿ.

ಮೂರನೇ ಹಂತ: ಅರ್ಜಿ. ಮದುವೆಯಾದ ಊರು, ಕೊನೆಗೆ ಒಟ್ಟಿಗೆ ಬಾಳಿದ ಊರು, ಇಲ್ಲವೇ ಹೆಂಡತಿ ಈಗಿರುವ ಊರಿನ ವ್ಯಾಪ್ತಿಯ ನ್ಯಾಯಾಲಯ. ಆರು ತಿಂಗಳು ಕಳೆದ ಮೇಲೆ, 18 ತಿಂಗಳ ಒಳಗೆ ಇಬ್ಬರೂ ಮತ್ತೆ ಬಂದು ಹೇಳಿಕೆ ಕೊಡಬೇಕು. ಡಿಕ್ರಿ ಆಗುವವರೆಗೆ ಯಾರು ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು ಎಂದು 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಣವನ್ನು ಎರಡು ಭಾಗ ಮಾಡಿ ಎಂದದ್ದು ಇದಕ್ಕೇ. 2017ರ ತೀರ್ಪಿನ ನಂತರ ಆ ಆರು ತಿಂಗಳನ್ನು ಮನ್ನಾ ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ. ಆದರೆ ಬೇರೆಯಾಗಿ ಒಂದೂವರೆ ವರ್ಷ ಆಗಿರಬೇಕು, ಸಂಧಾನ ವಿಫಲವಾಗಿರಬೇಕು, ಹಣ–ಮಕ್ಕಳ ವಿಷಯ ನಿಜವಾಗಿ ತೀರ್ಮಾನವಾಗಿರಬೇಕು. ಮೊಬೈಲಿನಲ್ಲಿ ‘ಏಳೇ ದಿನಕ್ಕೆ ಡೈವೋರ್ಸ್’ ಎಂದು ಬರುವ ಜಾಹೀರಾತಿಗೆ ಒಂದು ರೂಪಾಯಿಯೂ ಕಳಿಸಬೇಡಿ.

ವಕೀಲರ ಫೀಸಿಗೆ ಹಣವಿಲ್ಲ ಎಂದು ಛಾಪಾ ಕಾಗದಕ್ಕೆ ಸಹಿ ಹಾಕುವ ಹೆಣ್ಣುಮಕ್ಕಳೇ ಹೆಚ್ಚು. ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ವಕೀಲರ ನೆರವು ಉಚಿತ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಕೊನೆಯ ಹಂತ: ಡಿಕ್ರಿಯ ದೃಢೀಕೃತ ನಕಲನ್ನು ಮೂರು ಪ್ರತಿ ತೆಗೆದುಕೊಳ್ಳಿ. ಒಂದು ತವರಿನ ಬೀರುವಿನಲ್ಲಿರಲಿ, ಒಂದನ್ನು ಹಿಡಿದು ಅದೇ ವಾರ ಬ್ಯಾಂಕು, ವಿಮೆ, ಪಿಎಫ್‌ಗೆ ಹೋಗಿ ನಾಮಿನಿ ಹೆಸರು ಬದಲಿಸಿ. ಮೂರನೆಯದು, ಎರಡನೇ ಸಂಬಂಧದವರು ಕೇಳಿದಾಗ ತೋರಿಸಲು.